ಆಕ್ಸ್‌ಫರ್ಡ್ ನೀ ಸ್ಕೋರ್: ಮಂಡಿ ಆಪರೇಷನ್ನಿನ ಫಲ ಅಳೆಯಲು 12 ಪ್ರಶ್ನೆ ಸಾಕೇ?

ಮಂಡಿ ಕೀಲು ಬದಲಾಯಿಸಿದ ಮೇಲೆ ಎಕ್ಸ್‌ರೇ ಸರಿಯಾಗಿದೆ, ಗಾಯ ಮಾಗಿದೆ, ಸೋಂಕಿಲ್ಲ. ಆದರೂ ರೋಗಿಗೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಹಾಗಾದರೆ ಖರ್ಚು ಮಾಡಿದ ಹಣಕ್ಕೆ ಸಿಕ್ಕಿದ್ದೇನು? ಅದನ್ನು ರೋಗಿಯಿಂದಲೇ ಕೇಳಿ ತಿಳಿಯುವ ಪ್ರಶ್ನಾವಳಿಯೇ ಆಕ್ಸ್‌ಫರ್ಡ್ ನೀ (ಅಂದರೆ ಮಂಡಿ) ಸ್ಕೋರ್. 1998ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2009ರಲ್ಲಿ ಇದನ್ನು ಆಪರೇಷನ್‌ಗೆ ಮುಂಚೆ ಒಮ್ಮೆ, ಆರು ತಿಂಗಳ ನಂತರ ಒಮ್ಮೆ ತುಂಬಿಸುವ ಪದ್ಧತಿ ಶುರುಮಾಡಿತು.

ಪ್ರತಿ ಪ್ರಶ್ನೆಗೆ 0ಯಿಂದ 4 ಅಂಕ, ಒಟ್ಟು 48. ಅಂಕ ಹೆಚ್ಚಿದಷ್ಟೂ ಮಂಡಿ ಚೆನ್ನಾಗಿದೆ ಎಂದರ್ಥ. ಕೇಳುವುದು ಕಳೆದ ನಾಲ್ಕು ವಾರದ ಮಾತು ಮಾತ್ರ. ಊಟ ಮುಗಿಸಿ ಕುರ್ಚಿಯಿಂದ ಏಳುವಾಗ ಎಷ್ಟು ನೋವು, ರಾತ್ರಿ ಹಾಸಿಗೆಯಲ್ಲಿ ಕಾಡುತ್ತದೆಯೇ, ನೋವು ಜೋರಾಗುವ ಮುಂಚೆ ಎಷ್ಟು ಹೊತ್ತು ನಡೆಯಬಹುದು. ಇಷ್ಟು ನೇರವಾಗಿ ಕೇಳುವುದೇ ಇದರ ದೊಡ್ಡ ಗುಣ.

ಎಡವುವುದು ಮಂಡಿಯೂರಿ ಏಳುವ ಪ್ರಶ್ನೆಯಲ್ಲಿ. ಹೊಸ ಕೀಲಿಗೆ ಏನಾದರೂ ಆದೀತೆಂದು ಹೆದರಿ ಎಷ್ಟೋ ಜನ ಮಂಡಿಯೂರಲು ಪ್ರಯತ್ನಿಸುವುದೇ ಇಲ್ಲ. ಅಲ್ಲಿ ಬಿದ್ದ ಸೊನ್ನೆ ಹೆದರಿಕೆಯದೋ ಕೀಲಿನದೋ ಹೇಳಲಾಗದು.

ಹಳೆಯ ದಾಖಲೆಗಳನ್ನು ಸೇರಿಸುವವರು ಎಚ್ಚರವಾಗಿರಬೇಕು. ಮೂಲ ಲೆಕ್ಕದಲ್ಲಿ ಅಂಕ 12ರಿಂದ 60, ಕಡಿಮೆಯಿದ್ದಷ್ಟೂ ಒಳ್ಳೆಯದು. 60ರಿಂದ ಹಳೆಯ ಅಂಕ ಕಳೆದರೆ ಹೊಸ ಅಂಕ ಬರುತ್ತದೆ. ಎರಡನ್ನೂ ಹಾಗೇ ಬೆರೆಸಿದರೆ ಇಡೀ ವರದಿ ತಲೆಕೆಳಗು. ಒಂದೆರಡು ಉತ್ತರ ಬಿಟ್ಟುಹೋಗಿದ್ದರೆ ಉಳಿದವುಗಳ ಸರಾಸರಿ ತುಂಬಬಹುದು. ಮೂರು ಖಾಲಿ ಇದ್ದರೆ ಆ ಹಾಳೆಯನ್ನು ಕೈಬಿಡಬೇಕು.

ಆಸ್ಪತ್ರೆಗಳನ್ನು ಹೋಲಿಸುವಾಗ ಇನ್ನೂ ದೊಡ್ಡ ತಪ್ಪಾಗುತ್ತದೆ. ಒಂದು ಕಡೆ ರೋಗಿಗಳ ಸರಾಸರಿ 18ರಿಂದ 38ಕ್ಕೆ, ಇನ್ನೊಂದು ಕಡೆ 30ರಿಂದ 42ಕ್ಕೆ ಏರಿತು ಎನ್ನಿ. ಕೊನೆಯ ಅಂಕ ನೋಡಿದರೆ ಎರಡನೆಯದು ಮುಂದು, ಏರಿಕೆ ನೋಡಿದರೆ ಮೊದಲನೆಯದು. ಆದರೆ 30ರಲ್ಲಿ ಶುರುವಾದವರಿಗೆ ಏರಲು ಉಳಿದಿದ್ದೇ 18 ಅಂಕ. ಆರಂಭದ ಅಂಕ, ವಯಸ್ಸು, ಬೇರೆ ಕಾಯಿಲೆಗಳನ್ನು ಸರಿದೂಗಿಸದೆ ಯಾವ ತೀರ್ಪೂ ನ್ಯಾಯವಲ್ಲ. ಎರಡನೆಯ ಹಾಳೆ ವಾಪಸ್ ಕೊಡದವರೆಷ್ಟು ಎಂದೂ ಕೇಳಲೇಬೇಕು. ಬೇಸತ್ತವರೇ ಹೆಚ್ಚಾಗಿ ಬಿಟ್ಟಿದ್ದರೆ ಸರಾಸರಿ ಸುಳ್ಳೇ ಹೊಳೆಯುತ್ತದೆ.

ಮಂಡಿಯೊಂದನ್ನೇ ನೋಡಲು ಇದಕ್ಕೆ ಒಳ್ಳೆಯ ಅಂಕ ಕೊಡುತ್ತೇವೆ. ಖರ್ಚಿನ ಜೊತೆ ತೂಗಬೇಕಾದರೆ ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಎಂಬ ಐದು ಮಾತು ಕೇಳುವ ಇಕ್ಯೂ-5ಡಿ ಎಂಬ ಒಟ್ಟಾರೆ ಆರೋಗ್ಯದ ಪ್ರಶ್ನಾವಳಿಯನ್ನೂ ಅದೇ ದಿನ ತುಂಬಿಸಿ. ಖರ್ಚಿನ ಕಡೆ ಆಪರೇಷನ್ ಬಿಲ್ ಮಾತ್ರವಲ್ಲ, ಫಿಸಿಯೋಥೆರಪಿ, ಮತ್ತೆ ದಾಖಲಾದ ದಿನಗಳು, ಮರು ಆಪರೇಷನ್ ಎಲ್ಲವೂ ಬರಬೇಕು.