ಡಿಬಿಎಸ್ ಹಾಕಿಸಿಕೊಂಡು ವರ್ಷಗಳಾದ ಮೇಲೆ: ಕೈ ಏನು ಕಲಿಯಿತು, ಏನು ಕಲಿಯಲಿಲ್ಲ

ಕೈಕಾಲು ನಡುಗಿಸಿ ಬಿಗಿಯುವಂತೆ ಮಾಡುವ ಪಾರ್ಕಿನ್ಸನ್ ಕಾಯಿಲೆ ಇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಮೆದುಳಿನೊಳಗೆ ತಂತಿ ಕೂರಿಸಿ ಕರೆಂಟ್ ಕೊಡುವ ಚಿಕಿತ್ಸೆ) ಹಾಕಿಸಿಕೊಂಡರೆ ಮೊದಲಿನ ಹಾಗೆ ಆಗ್ತೀವಾ? ನಡುಕದ ಮಟ್ಟಿಗೆ ನನಗೆ ಹೆಚ್ಚುಕಡಿಮೆ ಹಾಗೇ ಆಯಿತು. ಮಿಕ್ಕಿದ್ದು ಅಷ್ಟು ಸಲೀಸಲ್ಲ.

ಮೆದುಳಿನ ಆಳದಲ್ಲಿ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನೋ ಪುಟ್ಟ ಜಾಗದಲ್ಲಿ, ಎರಡೂ ಕಡೆ ತಂತಿ ಕೂರಿಸಿದ್ದಾರೆ. ಕರೆಂಟ್ ಕೊಡುವ ಡಬ್ಬಿ ಎದೆಯ ಚರ್ಮದ ಕೆಳಗಿದೆ. ಸೆಕೆಂಡಿಗೆ 130ರ ಆಸುಪಾಸು ಕರೆಂಟಿನ ಮಿಡಿತ. ಸೆಟ್ಟಿಂಗ್ ಕೂಡಿಬರಲು ತಿಂಗಳುಗಳೇ ಹಿಡಿದವು. ಕರೆಂಟ್ ಜಾಸ್ತಿ ಮಾಡಿದರೆ ಮಾತು ತೊದಲುತ್ತದೆ, ಇಳಿಸಿದರೆ ಕೈ ಬಿಗಿಯುತ್ತದೆ. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ.

ಶರ್ಟಿನ ಗುಂಡಿಯ ಕಥೆ ಕೇಳಿ. ನಡುಕವಿಲ್ಲದೆ ಬೆರಳು ಗುಂಡಿಯನ್ನು ತೂತಿನ ತನಕ ತರುತ್ತಿತ್ತು. ದೂಡುವ ಹೊತ್ತಿಗೆ ಸುಮ್ನೆ ನಿಂತುಬಿಡುತ್ತಿತ್ತು. ಯೋಚಿಸದೆ ತಾನಾಗೇ ಆಗುವ ಇಂಥ ಕೆಲಸಗಳನ್ನು ರೂಢಿ ಮಾಡಿಸುವುದರಲ್ಲಿ ಮೆದುಳಿನ ಬೇಸಲ್ ಗ್ಯಾಂಗ್ಲಿಯಾದ (ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಇದರದ್ದೇ ಒಂದು ಭಾಗ) ಪಾಲು ದೊಡ್ಡದು. ಪಾರ್ಕಿನ್ಸನ್ ಕೆಡಿಸುವುದೂ ಅದನ್ನೇ, ತಂತಿ ಇಳಿಸುವುದೂ ಅಲ್ಲಿಗೇ. ಹಾಗಾಗಿ ಫಿಸಿಯೋಥೆರಪಿಸ್ಟ್ ಆ ಒಂದು ಕೆಲಸವನ್ನು ತುಂಡು ತುಂಡು ಮಾಡಿಸಿದರು: ಹಿಡಿ, ಓರೆ ಮಾಡು, ದೂಡು, ಆ ಕಡೆಯಿಂದ ಎಳೆ. ಬಾಯಲ್ಲಿ ಹೇಳಿಕೊಂಡೇ ಮಾಡಬೇಕು. ಈಗ ಗುಂಡಿ ಹಾಕಿಕೊಳ್ಳುತ್ತೇನೆ. ಆದರೆ ನಡುವೆ ಯಾರಾದರೂ ಮಾತಾಡಿಸಿದರೆ ಮುಗೀತು, ಕೈ ಅಲ್ಲೇ ನಿಲ್ಲುತ್ತದೆ!

ಈಜು ಒಮ್ಮೆ ಕಲಿತರೆ ಮರೆಯೋದಿಲ್ಲ ಅಂತಾರೆ, ಅಲ್ವಾ? 2019ರಲ್ಲಿ ಜ್ಯೂರಿಚ್‌ನ ವೈದ್ಯರು ಒಂಬತ್ತು ಜನ ರೋಗಿಗಳ ಬಗ್ಗೆ ವರದಿ ಮಾಡಿದರು. ಎಲ್ಲರೂ ಚೆನ್ನಾಗಿ ಈಜು ಬಲ್ಲವರು. ಡಿಬಿಎಸ್ ಆದ ಮೇಲೆ ಮಿಕ್ಕ ಚಲನೆ ಸುಧಾರಿಸಿತು, ಈಜು ಮಾತ್ರ ಹೋಯಿತು. ಯಂತ್ರ ಆಫ್ ಮಾಡಿದ ಕೂಡಲೇ ಮೂವರಿಗೆ ಮತ್ತೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ಆಪರೇಷನ್‌ಗೆ ಮೊದಲೇ ಇದನ್ನು ವೈದ್ಯರ ಹತ್ತಿರ ಕೇಳಿಕೊಳ್ಳಿ. ನಾನಂತೂ ಒಬ್ಬನೇ ನೀರಿಗೆ ಇಳಿಯುವುದಿಲ್ಲ.

ನನ್ನದು ಚಾರ್ಜ್ ಮಾಡುವ ಬ್ಯಾಟರಿ. ಚಾರ್ಜ್ ಮಾಡದ ಮಾದರಿಯಾದರೆ ಕೆಲವು ವರ್ಷಕ್ಕೊಮ್ಮೆ ಡಬ್ಬಿ ಬದಲಿಸಲು ಮತ್ತೆ ಸಣ್ಣ ಆಪರೇಷನ್. ಎಂಆರ್‌ಐ ಬೇಕಾದರೆ ಮೊದಲು ಯಂತ್ರದ ಕಾರ್ಡ್ ತೋರಿಸಿ. ಡಯಾಥರ್ಮಿ (ವಿದ್ಯುತ್ ಅಲೆಗಳಿಂದ ಮೈಯೊಳಗೆ ಕಾವು ಕೊಡುವ ಚಿಕಿತ್ಸೆ) ಮಾತ್ರ ಬೇಡವೇ ಬೇಡ, ತಂತಿಯ ತುದಿ ಕಾದು ಮೆದುಳಿಗೇ ಪೆಟ್ಟಾಗಬಹುದು.

ನಡುಕಕ್ಕೆ 5ಕ್ಕೆ 5, ಬಿಗಿತಕ್ಕೆ 4. ಮಾತಿಗೆ 2, ಅದೂ ಕನಿಕರದಿಂದ. ಗುಂಡಿಯ ಅಂಕ ಫಿಸಿಯೋಥೆರಪಿಸ್ಟ್‌ಗೆ ಸೇರಬೇಕು, ಯಂತ್ರಕ್ಕಲ್ಲ.