ಟೋಕಿಯೋ ಪ್ರವಾಸ: ನರಿತಾ–ಉಯೆನೊ ಜೋಡಿಯೋ, ಹನೇಡಾ–ಶಿಂಜುಕು ಜೋಡಿಯೋ?

ಬೆಂಗಳೂರಿನಿಂದ ಟೋಕಿಯೋಗೆ ಹೊರಡುವವರು ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ, ಒಂದು ತಿಂಗಳ ಮೇಲೆ ಹೋಟೆಲ್ ಹುಡುಕುತ್ತಾರೆ, ಹೊರಡುವ ವಾರ ರೈಲು ಪಾಸಿನ ಯೋಚನೆ ಮಾಡುತ್ತಾರೆ. ಹೀಗೆ ಬಿಡಿಬಿಡಿಯಾಗಿ ಆರಿಸಿದರೆ ಒಂದೊಂದೂ ಅಗ್ಗವಾಗಿ ಕಾಣುತ್ತದೆ, ಒಟ್ಟು ಲೆಕ್ಕ ಮಾತ್ರ ಕೈ ಸುಡುತ್ತದೆ. ಆ ಊರಿಗೆ ಎರಡು ವಿಮಾನ ನಿಲ್ದಾಣ. ನರಿತಾ ಊರ ನಡುವಿನಿಂದ ಸುಮಾರು 60 ಕಿ.ಮೀ. ದೂರ, ಹನೇಡಾ ಸುಮಾರು 15 ಕಿ.ಮೀ. ಎಲ್ಲಿ ಇಳಿಯುತ್ತೀರಿ, ಎಲ್ಲಿ ಉಳಿಯುತ್ತೀರಿ, ಯಾವ ಟಿಕೆಟ್ ಕೊಳ್ಳುತ್ತೀರಿ ಎಂಬ ಮೂರನ್ನೂ ಒಂದೇ ಕೂತಲ್ಲಿ ತೀರ್ಮಾನಿಸಬೇಕು. ನರಿತಾದಲ್ಲಿ ಇಳಿದು ಊರ ಪೂರ್ವದ ಉಯೆನೊ ಬಡಾವಣೆಯಲ್ಲಿ ಉಳಿಯುವುದು ಒಂದು ಜೋಡಿ, ಹನೇಡಾದಲ್ಲಿ ಇಳಿದು ಪಶ್ಚಿಮದ ಶಿಂಜುಕುದಲ್ಲಿ ಉಳಿಯುವುದು ಇನ್ನೊಂದು; ನಾವು ಎರಡನ್ನೂ ಬಳಸಿ ನೋಡಿದ್ದೇವೆ. ಕೆಳಗಿನ ಹೋಲಿಕೆ ನಾಲ್ಕು ಜನರ, ಸಸ್ಯಾಹಾರಿಗಳೂ ಇರುವ, ಎಂಟು ದಿನದ ಪ್ರವಾಸಕ್ಕೆ.

ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ನರಿತಾದಲ್ಲಿ. ಹೋಗುವಾಗ ಎಂಟೊಂಬತ್ತು ಗಂಟೆ. ಬರುವಾಗ ಎದುರುಗಾಳಿ, ಹಾಗಾಗಿ ಹತ್ತರ ಹತ್ತಿರ. ಹನೇಡಾಕ್ಕೆ ಹೋಗಬೇಕೆಂದರೆ ಸಿಂಗಪುರ, ಬ್ಯಾಂಕಾಕ್ ಅಥವಾ ದೆಹಲಿಯಲ್ಲಿ ವಿಮಾನ ಬದಲಿಸಬೇಕು. ಒಟ್ಟು 13 ರಿಂದ 18 ಗಂಟೆ ಹಿಡಿಯಿರಿ. ತಲೆಗೆ ಹನ್ನೆರಡು ಸಾವಿರ ರೂಪಾಯಿಯೊಳಗಿನ ವ್ಯತ್ಯಾಸವಾದರೆ ನೇರ ವಿಮಾನವೇ ಸರಿ. ಅದಕ್ಕಿಂತ ಹೆಚ್ಚಾದರೆ ಮಾತ್ರ ಇನ್ನೊಂದರ ಕಡೆ ನೋಡಿ. ಆಗಲೂ ಎರಡು ಬೇರೆ ಬೇರೆ ಬುಕಿಂಗ್ ಜೋಡಿಸಿ ಹಣ ಉಳಿಸಲು ಹೋಗಬೇಡಿ. ನಡುವಿನ ಊರಲ್ಲಿ ಸಾಮಾನು ನೀವೇ ಇಳಿಸಿಕೊಂಡು ಮತ್ತೆ ಹಾಕಬೇಕಾಗುತ್ತದೆ, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯುವುದಿಲ್ಲ.

ಊಟದ ಆಯ್ಕೆಯಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದು ನೋಡಿ ಸಸ್ಯಾಹಾರಿಗಳು ಅದನ್ನೇ ಒತ್ತುತ್ತಾರೆ. ಅದರಲ್ಲಿ ದನದ ಮತ್ತು ಹಂದಿಯ ಮಾಂಸ ಇರುವುದಿಲ್ಲ, ಅಷ್ಟೇ. ಕೋಳಿಯೋ ಮೀನೋ ಬರುತ್ತದೆ. ಒತ್ತಬೇಕಾದ್ದು ‘ಏಷ್ಯನ್ ವೆಜಿಟೇರಿಯನ್’ ಅಥವಾ ‘ಇಂಡಿಯನ್ ವೆಜಿಟೇರಿಯನ್’, ಅದೂ ಹೊರಡುವ ಎರಡು ಮೂರು ದಿನ ಮೊದಲೇ. ವಿಮಾನ ಬದಲಿಸುವುದಿದ್ದರೆ ಎರಡೂ ಹಂತಕ್ಕೆ ದಾಖಲಾಗಿದೆಯೇ ನೋಡಿಕೊಳ್ಳಿ.

ನರಿತಾದಿಂದ ಉಯೆನೊಗೆ ಕೇಸೇ ಕಂಪನಿಯ ಸ್ಕೈಲೈನರ್ ರೈಲು ಸುಮಾರು 41 ನಿಮಿಷ, ದರ 2,580 ಯೆನ್ ಆಸುಪಾಸು. ಅದೇ ಕಂಪನಿಯ ಸಾದಾ ರೈಲು ಒಂದೂಕಾಲು ಗಂಟೆ ತೆಗೆದುಕೊಳ್ಳುತ್ತದೆ, ದರ 1,060ರ ಸುತ್ತ. ನಾಲ್ಕು ಜನಕ್ಕೆ ಆರು ಸಾವಿರ ಯೆನ್ ಉಳಿತಾಯ. ರಾತ್ರಿಯಿಡೀ ನಿದ್ದೆಗೆಟ್ಟು ಬಂದವರಿಗೆ ಇದನ್ನು ಸೂಚಿಸಲು ಮನಸ್ಸು ಬರುವುದಿಲ್ಲವಾದರೂ ರೈಲೇನೂ ಕೆಟ್ಟದ್ದಲ್ಲ. ಸ್ಕೈಲೈನರ್‌ನಲ್ಲಿ ಎಲ್ಲವೂ ಕಾದಿರಿಸಿದ ಸೀಟು. ಹಣ ತುಂಬಿಟ್ಟು ಗೇಟಿಗೆ ತಾಗಿಸುವ ಸುಯಿಕಾ ಕಾರ್ಡ್ ಇದ್ದರೂ ಸುಮ್ಮನೆ ಹತ್ತುವಂತಿಲ್ಲ, ಸೀಟಿನ ಟಿಕೆಟ್ ಬೇರೆಯೇ ಕೊಳ್ಳಬೇಕು. ಪಕ್ಕದಲ್ಲೇ ಜೆಆರ್ (ಜಪಾನ್ ರೈಲ್ವೇಸ್) ಕಂಪನಿಯ ನರಿತಾ ಎಕ್ಸ್‌ಪ್ರೆಸ್ ರೈಲಿನ ಕೌಂಟರ್ ಇರುತ್ತದೆ. ಹೆಸರು ನೋಡಿ ಅಲ್ಲಿ ಸಾಲು ನಿಲ್ಲಬೇಡಿ, ಆ ರೈಲು ಉಯೆನೊಗೆ ಹೋಗುವುದೇ ಇಲ್ಲ. ಹೋಟೆಲ್ ಉಯೆನೊ ಹತ್ತಿರದ ಅಸಾಕುಸಾದಲ್ಲಿದ್ದರೆ ಕೇಸೇಯದೇ ಆಕ್ಸೆಸ್ ಎಕ್ಸ್‌ಪ್ರೆಸ್ ರೈಲು ಹತ್ತಿ: ಬದಲಿಸದೆ ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ, ಸೀಟು ಸಿಗುವ ಖಾತರಿ ಮಾತ್ರ ಇಲ್ಲ.

ಹನೇಡಾ ಹತ್ತಿರ ಎನ್ನುವುದು ನಿಜ, ಆದರೆ ಶಿಂಜುಕುಗೆ ಅಷ್ಟು ಹತ್ತಿರವಲ್ಲ. ಕೇಕ್ಯೂ ರೈಲಿನಲ್ಲಿ ಶಿನಗಾವಾ ನಿಲ್ದಾಣಕ್ಕೆ 330 ಯೆನ್, ಅಲ್ಲಿಂದ ಊರು ಸುತ್ತುವ ಯಾಮಾನೋತೆ ಲೈನ್ ರೈಲು. ಕಾಗದದ ಮೇಲೆ ಮುಕ್ಕಾಲು ಗಂಟೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಆ ರೈಲಿನಲ್ಲಿ ಕೈಚೀಲ ಹಿಡಿದು ನಿಲ್ಲಲೂ ಜಾಗವಿರುವುದಿಲ್ಲ, ನಾಲ್ಕು ಸೂಟ್‌ಕೇಸ್ ತುರುಕುವ ಮಾತು ದೂರ. ಲಿಮೊಸಿನ್ ಬಸ್ ಎಂಬ ವಿಮಾನ ನಿಲ್ದಾಣದ ಬಸ್ಸು ಸುಮಾರು 1,400 ಯೆನ್‌ಗೆ ಸಾಮಾನು ಹೊಟ್ಟೆಗೆ ಹಾಕಿಕೊಂಡು ಶಿಂಜುಕುಗೆ ಬಿಡುತ್ತದೆ. ಈ ಜೋಡಿಗೆ ಅದೇ ಸರಿ. ಹನೇಡಾದಲ್ಲಿ ರಾತ್ರಿ ಹನ್ನೊಂದರ ಮೇಲೆ ಇಳಿಯುವ ಅಗ್ಗದ ಟಿಕೆಟ್ ಸಿಕ್ಕರೆ ಹಿಗ್ಗಬೇಡಿ. ರೈಲುಗಳು ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತವೆ, ಹತ್ತರ ನಂತರ ಟ್ಯಾಕ್ಸಿಗೆ ಶೇ. 20 ಹೆಚ್ಚು.

ಕೋಣೆಯ ವಿಷಯದಲ್ಲಿ ಎರಡೂ ಕಡೆ ಒಂದೇ ಗೋಳು: ಬಿಸಿನೆಸ್ ಹೋಟೆಲ್ ಕೋಣೆ 11 ರಿಂದ 15 ಚದರ ಮೀಟರ್. ದೊಡ್ಡ ಸೂಟ್‌ಕೇಸ್ ಒಂದನ್ನು ಬಿಚ್ಚಿದರೆ ಇನ್ನೊಂದನ್ನು ಹಾಸಿಗೆಯ ಮೇಲಿಡಬೇಕು. ಬುಕಿಂಗ್‌ನಲ್ಲಿ ‘ಸೆಮಿ ಡಬಲ್, ಇಬ್ಬರಿಗೆ’ ಎಂದಿದ್ದರೆ ಮಂಚ 120 ಸೆಂ.ಮೀ. ಅಗಲ, ಅಂದರೆ ಇಬ್ಬರೂ ಒಟ್ಟಿಗೇ ಮಗ್ಗುಲು ಬದಲಿಸಬೇಕು. ಎರಡು ಬೇರೆ ಮಂಚವಿರುವ ‘ಟ್ವಿನ್’ ಎಂದಿರುವುದನ್ನೇ ಆರಿಸಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗುವ ಅಪಾರ್ಟ್‌ಮೆಂಟ್ ಹೋಟೆಲ್‌ಗಳು ಉಯೆನೊ–ಅಸಾಕುಸಾ ಕಡೆ ಹೆಚ್ಚು ಸಿಗುತ್ತವೆ, ಶಿಂಜುಕುದಲ್ಲಿ ಹುಡುಕಿ ಸಾಕಾಗುತ್ತದೆ. ಜೊತೆಗೆ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳು. ತಪ್ಪು ದ್ವಾರದಲ್ಲಿ ಹೊರಬಂದರೆ ಹೋಟೆಲ್ ಕಣ್ಣಿಗೆ ಕಾಣುತ್ತಿದ್ದರೂ ಹದಿನೈದು ನಿಮಿಷ ನಡಿಗೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಉಯೆನೊ ಬಿಟ್ಟು ಬೇರೆ ಯೋಚಿಸಬೇಡಿ.

ಶಿಂಜುಕು ಗೆಲ್ಲುವುದು ಒಂದು ಕಾರಣಕ್ಕೆ. ಫುಜಿ ಬೆಟ್ಟ ನೋಡಲು ಕವಾಗುಚಿಕೊ ಸರೋವರಕ್ಕೆ ಹೋಗುವ ಬಸ್ಸು ಶಿಂಜುಕು ಬಸ್ ಟರ್ಮಿನಲ್‌ನಿಂದ ಹೊರಡುತ್ತದೆ, ಸುಮಾರು ಎರಡು ಗಂಟೆಯ ದಾರಿ. ಬಿಸಿನೀರ ಬುಗ್ಗೆಗಳ ಊರಾದ ಹಕೋನೆಗೆ ಹೋಗುವ ಒದಾಕ್ಯೂ ರೈಲೂ ಅಲ್ಲಿಂದಲೇ. ಈ ಎರಡೂ ಪಟ್ಟಿಯಲ್ಲಿದ್ದರೆ ಮೊದಲ ಐದು ರಾತ್ರಿ ಉಯೆನೊ, ಕೊನೆಯ ಎರಡು ಶಿಂಜುಕು ಎಂದು ಒಡೆಯಬಹುದು. ದೇಗುಲಗಳ ಊರಾದ ನಿಕ್ಕೋ ಕಡೆ ಹೋಗುವವರಿಗೆ ತೋಬು ರೈಲು ಅಸಾಕುಸಾದಿಂದ ಹೊರಡುವುದರಿಂದ ಪೂರ್ವದ ಕಡೆಯೇ ಅನುಕೂಲ.

ಪಾಸುಗಳಿಗೆ ಬಂದರೆ, ದೇಶವೆಲ್ಲ ಜೆಆರ್ ರೈಲುಗಳಲ್ಲಿ ಓಡಾಡುವ ಜಪಾನ್ ರೈಲ್ ಪಾಸ್ ಹೆಸರೇ ಈಗ ಎತ್ತಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650ರಿಂದ 50,000 ಯೆನ್‌ಗೆ ಏರಿತು. ಟೋಕಿಯೋ–ಕ್ಯೋಟೋ ಬುಲೆಟ್ ರೈಲು ಹೋಗಿ ಬರಲು ಸುಮಾರು 28,000. ಅದೊಂದೇ ಪ್ರಯಾಣವಿದ್ದರೆ ಬಿಡಿ ಟಿಕೆಟ್ ಸಾಕು. ಊರೊಳಗೆ ಹೋಲಿಸಬೇಕಾದ್ದು ಸುಯಿಕಾ ಕಾರ್ಡ್ ಮತ್ತು 72 ಗಂಟೆಯ ಸಬ್‌ವೇ (ಮೆಟ್ರೋ) ಟಿಕೆಟ್. ಈ ಟಿಕೆಟ್ ಹಲವು ವರ್ಷ 1,500 ಯೆನ್ ಇತ್ತು, ಹೊರಡುವಾಗಿನ ದರ ನೋಡಿಕೊಳ್ಳಿ. ಮೆಟ್ರೋದ ಕನಿಷ್ಠ ದರ 180 ಯೆನ್, 1,500ರ ಲೆಕ್ಕದಲ್ಲಿ ಒಂಬತ್ತನೇ ಪ್ರಯಾಣದಿಂದ ಲಾಭವಾಗುತ್ತಿತ್ತು. ದಿನಕ್ಕಲ್ಲ, ಗಂಟೆಗೆ ಎಣಿಕೆ: ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದರೆ ಗುರುವಾರ ಹತ್ತರವರೆಗೆ. ಆದರೆ ಯಾಮಾನೋತೆ ಲೈನ್ ಜೆಆರ್‌ನದು, ಅಲ್ಲಿ ಈ ಟಿಕೆಟ್ ನಡೆಯುವುದಿಲ್ಲ. ಗೇಟು ಮುಖಕ್ಕೆ ಮುಚ್ಚಿಕೊಳ್ಳುತ್ತದೆ. ಉಯೆನೊದಲ್ಲಿ ಮೆಟ್ರೋದ ಗಿಂಜಾ ಮತ್ತು ಹಿಬಿಯಾ ಲೈನ್ ಎರಡೂ ಇರುವುದರಿಂದ ಅಲ್ಲಿ ಉಳಿದವರಿಗೆ ಟಿಕೆಟ್ ಸಲ್ಲುತ್ತದೆ. ಶಿಂಜುಕುದವರು ಮತ್ತೆ ಮತ್ತೆ ಜೆಆರ್ ಹತ್ತುತ್ತಾರೆ, ಅವರಿಗೆ ಬರೀ ಸುಯಿಕಾ ಸಾಕು.

ಐಫೋನ್ ಇದ್ದರೆ ಸುಯಿಕಾವನ್ನು ಫೋನಿನಲ್ಲೇ ಹಾಕಿಕೊಳ್ಳಬಹುದು, ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನನ್ನು ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್‌ನವರಿಗೆ ವಿಮಾನ ನಿಲ್ದಾಣದಲ್ಲಿ ಸಿಗುವ ವೆಲ್ಕಮ್ ಸುಯಿಕಾ ಕಾರ್ಡ್ ಇದೆ: ಠೇವಣಿ ಇಲ್ಲ, 28 ದಿನ ನಡೆಯುತ್ತದೆ, ಉಳಿದ ಹಣ ವಾಪಸ್ ಬರುವುದಿಲ್ಲ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಕಾರ್ಡಿಗೆ ಹಣ ತುಂಬಲು ನಗದು ಕೈಲಿರಲಿ. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂ ನಮ್ಮ ಕಾರ್ಡುಗಳಿಗೆ ದುಡ್ಡು ಕೊಡುತ್ತದೆ.

ಊಟದಲ್ಲಿ ಉಯೆನೊ ಮುಂದೆ. ಉದೋನ್, ಸೋಬಾ ಎಂಬ ನೂಡಲ್‌ಗಳ ಸಾರುಗಳೆಲ್ಲ ‘ದಾಶಿ’ಯಿಂದ ಆಗುತ್ತವೆ, ಅದರಲ್ಲಿ ಸಾಮಾನ್ಯವಾಗಿ ಒಣ ಮೀನು. ‘ಮಾಂಸ ಇಲ್ಲ’ ಎಂದು ಅಂಗಡಿಯವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಸಾರು ಅವರ ಲೆಕ್ಕದಲ್ಲಿ ಮಾಂಸವಲ್ಲ. ಹಾಗಾಗಿ ‘ಕಾತ್ಸುಒ ದಾಶಿ (ಒಣ ಮೀನಿನ ಸಾರು) ಇದೆಯೇ’ ಎಂದು ಕೇಳಿ. ಟೋಕಿಯೋ ನಿಲ್ದಾಣದ ಗೇಟಿನ ಒಳಗೆ ಟೀಸ್ ತಾನ್‌ತಾನ್ ಎಂಬ ಪೂರ್ಣ ಸಸ್ಯಾಹಾರಿ ರಾಮೆನ್ (ಸಾರಿನ ನೂಡಲ್) ಅಂಗಡಿ ಇದೆ. ಉಯೆನೊದ ಪಕ್ಕದ ಒಕಾಚಿಮಾಚಿಯಲ್ಲಿ ದಕ್ಷಿಣ ಭಾರತದ ಊಟವೂ ಸಿಗುತ್ತದೆ.

ಮನೆಯಿಂದ ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವ ಅಭ್ಯಾಸ ಬಿಡಿ. ಅಲ್ಲಿ ವಿದ್ಯುತ್ 100 ವೋಲ್ಟ್. 230 ವೋಲ್ಟಿನ 600 ವಾಟ್ ಕುಕ್ಕರ್ ಅಲ್ಲಿ 115 ವಾಟ್ ಕೂಡ ಎಳೆಯುವುದಿಲ್ಲ. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಫೋನ್ ಚಾರ್ಜರ್‌ಗೆ ತೊಂದರೆಯಿಲ್ಲ, ಎರಡು ಚಪ್ಪಟೆ ಕಾಲಿನ ಅಡಾಪ್ಟರ್ ಸಾಕು. ಅನ್ನಕ್ಕೆ ಸೂಪರ್‌ಮಾರ್ಕೆಟ್‌ನಲ್ಲಿ ಬೇಯಿಸಿ ಮುಚ್ಚಿದ 200 ಗ್ರಾಂ ಡಬ್ಬಿ ಸಿಗುತ್ತದೆ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ. ಅದು ಜಿಗುಟು ಅನ್ನ, ಪುಳಿಯೋಗರೆ ಕಲಸಿದರೆ ಮುದ್ದೆಯಾಗುತ್ತದೆ. ಚಟ್ನಿಪುಡಿ ಒಳ್ಳೆಯ ಜೊತೆ. ಹಸಿ ಕರಿಬೇವು, ನಿಂಬೆಹಣ್ಣು ಚೀಲದಲ್ಲಿ ಬೇಡ, ಕ್ವಾರಂಟೈನ್‌ನವರು ತೆಗೆದಿಟ್ಟುಕೊಳ್ಳುತ್ತಾರೆ.

ನಮ್ಮ ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ 29ರಿಂದ ಮೇ 5ರವರೆಗಿನ ಗೋಲ್ಡನ್ ವೀಕ್ ತಪ್ಪಿಸಿ. ಜಪಾನಿಗೆ ಜಪಾನೇ ರಜೆಯಲ್ಲಿರುತ್ತದೆ, ಕೋಣೆಯ ದರ ಎರಡು ಪಟ್ಟು ಆಗುವುದುಂಟು. ಮೇ ಎರಡನೇ ವಾರ ಹಿತವಾಗಿರುತ್ತದೆ, ಜೂನ್‌ನಲ್ಲಿ ಮಳೆಗಾಲ ಶುರು.

ವೀಸಾ ಈಗ ಇ-ವೀಸಾ ಆಗಿ ಬರುತ್ತದೆ. ಅದನ್ನು ಫೋನಿನಲ್ಲಿ ಇಂಟರ್‌ನೆಟ್ ಮೂಲಕ ತೆರೆದು ತೋರಿಸಬೇಕು; ಸ್ಕ್ರೀನ್‌ಶಾಟ್, ಪಿಡಿಎಫ್, ಪ್ರಿಂಟ್ ಯಾವುದೂ ನಡೆಯುವುದಿಲ್ಲ. ಇ-ಸಿಮ್ ಅನ್ನು ಟೋಕಿಯೋದಲ್ಲಿ ಇಳಿದ ಮೇಲೆ ಹಾಕಿಕೊಂಡರಾಯಿತು ಎಂದುಕೊಳ್ಳದೆ, ಹೊರಡುವ ಮೊದಲೇ ಮನೆಯ ವೈಫೈನಲ್ಲಿ ಹಾಕಿಟ್ಟುಕೊಳ್ಳಿ.