ಸಕಲೇಶಪುರದ ತೋಟದಲ್ಲಿ ಆರು ಮಳೆಗಾಲ ಬಳಸಿದ ವಾಕಿ-ಟಾಕಿಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ದಿನಗಳಲ್ಲೇ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಮೇಲೂ ಮಣ್ಣು ಕುಸಿದಿತ್ತು. ನಮ್ಮ ಕಾಫಿ ತೋಟಕ್ಕೆ ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಕರೆಂಟು ಹೋದ ಮರುದಿನ ಮೊಬೈಲ್ ಟವರ್ ಕೂಡ ಸತ್ತು, ಹಳ್ಳದಾಚೆಯ ಗುಡ್ಡದ ಹಿಂದೆ ಅಣ್ಣನ ಮನೆಯಲ್ಲಿದ್ದ ಅಮ್ಮನ ಆರೋಗ್ಯ ಹೇಗಿದೆಯೆಂದು ತಿಳಿಯಲು ನಮಗೆ ನಾಲ್ಕು ದಿನ ಹಿಡಿಯಿತು. ಎರಡು ಮನೆಗಳ ನಡುವೆ ಹಕ್ಕಿ ಹಾರಿದಂತೆ ಅಳೆದರೆ ಎರಡೂವರೆ ಕಿಲೋಮೀಟರ್. ಕಾಲುಸಂಕ ಕೊಚ್ಚಿಹೋದ ಮೇಲೆ ರಸ್ತೆಯಲ್ಲಿ ಹದಿನೇಳು. ಆ ಮಳೆಗಾಲ ಕಳೆದ ಮೇಲೆ ನಾನು ವಾಕಿ-ಟಾಕಿಗಳ ಬೆನ್ನು ಹತ್ತಿದೆ.

ಈಗ ನಮ್ಮಲ್ಲಿ ಎರಡು ಬಗೆಯ ಸೆಟ್‌ಗಳಿವೆ. ಮೊದಲನೆಯದು 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ, ಅರ್ಧ ವ್ಯಾಟ್ ಶಕ್ತಿಯ, ಆಂಟೆನಾ ಬಿಚ್ಚಲಾಗದ ಚಿಕ್ಕ ಸೆಟ್; ಭಾರತದಲ್ಲಿ ಈ ಪಟ್ಟಿಯ ವಾಕಿ-ಟಾಕಿಗೆ ಪರವಾನಗಿ ಬೇಡ. ಎರಡನೆಯದು ಬಾವೊಫೆಂಗ್ ಯುವಿ-5ಆರ್, ಇದನ್ನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು ಮಾತ್ರ ಬಳಸಬಹುದು. ಈ ವ್ಯತ್ಯಾಸವನ್ನು ಅಂಗಡಿಯವರು ಹೇಳುವುದಿಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟದ ವಾಕಿ-ಟಾಕಿಗಳಿಗೆ ಮಾರ್ಗಸೂಚಿ ಹೊರಡಿಸಿದ ಬಳಿಕವಾದರೂ, ಪೆಟ್ಟಿಗೆಯ ಮೇಲೆ ಆವರ್ತನ ಮತ್ತು ಉಪಕರಣ ಅನುಮೋದನೆಯ ವಿವರ ಇಲ್ಲದ ಸೆಟ್ಟನ್ನು ಯಾರೂ ಕೊಳ್ಳಬಾರದು. ಹಾಗೆಯೇ, ಯುವಿ-5ಆರ್‌ನಲ್ಲಿ 446ರ ಆವರ್ತನ ಹಾಕಿಕೊಂಡರೆ ಕಾನೂನಿನ ಪ್ರಕಾರ ಸರಿಯಾಯಿತೆಂದು ಕೆಲವರು ವಾದಿಸುತ್ತಾರೆ. ಅದು ತಪ್ಪು. ವಿನಾಯಿತಿ ಇರುವುದು ಕಡಿಮೆ ಶಕ್ತಿಯ ಸೆಟ್ಟಿಗೆ. ನಾಲ್ಕು ವ್ಯಾಟ್ ಹೊಮ್ಮಿಸುವ ಸೆಟ್ಟು ಆ ಆವರ್ತನಕ್ಕೆ ಬಂದಮಾತ್ರಕ್ಕೆ ವಿನಾಯಿತಿಗೆ ಒಳಪಡುವುದಿಲ್ಲ.

ಚಿಕ್ಕ ಸೆಟ್‌ಗಳ ಬಗ್ಗೆ ಮೊದಲು ಹೇಳುತ್ತೇನೆ. ಮನೆ, ಕಣ, ಆಳುಗಳ ಲೈನ್ ಮನೆಗಳು ಮತ್ತು ಕೆಳಗಿನ ಗದ್ದೆಯ ಗೇಟು, ಈ ನಾಲ್ಕು ಕಡೆಗೆ ನಾಲ್ಕು. ಪೆಟ್ಟಿಗೆಯ ಮೇಲೆ ಎಷ್ಟು ಕಿಲೋಮೀಟರ್ ಎಂದು ಅಚ್ಚಾಗಿದ್ದರೂ, ಸಿಲ್ವರ್ ಓಕ್ ಮತ್ತು ಹಲಸಿನ ನೆರಳಿರುವ ತೋಟದಲ್ಲಿ ನಮಗೆ ದಕ್ಕಿದ್ದು ಏಳುನೂರು ಮೀಟರ್, ಪುನರ್ವಸು ಮಳೆ ಹಿಡಿದು ಎಲೆಗಳೆಲ್ಲ ನೆನೆದ ದಿನಗಳಲ್ಲಿ ಅದಕ್ಕಿಂತ ಕಡಿಮೆ. ಅಷ್ಟೇ ಸಾಕಾಗಿದೆ. ತ್ರಿಬಲ್ ಎ ಅಳತೆಯ ಸೆಲ್ ಹಾಕುವ ಮಾದರಿಯನ್ನು ಆರಿಸಿದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು, ಏಕೆಂದರೆ ವಾರಗಟ್ಟಲೆ ಕರೆಂಟು ಇಲ್ಲದಾಗಲೂ ಊರಿನ ಕಿರಾಣಿ ಅಂಗಡಿಯಲ್ಲಿ ಆ ಸೆಲ್ ಸಿಗುತ್ತದೆ.

ಎರಡನೇ ವರ್ಷ ಒಂದು ಸೆಟ್ ಹಳ್ಳಕ್ಕೆ ಬಿದ್ದು ಹಾಳಾದಾಗ ಬೇರೆ ಕಂಪನಿಯದೊಂದನ್ನು ತಂದೆ. ಚಾನೆಲ್ 3, ಕೋಡ್ 8, ಎರಡರಲ್ಲೂ ಒಂದೇ. ಆದರೂ ಒಂದಕ್ಕೊಂದು ಕೇಳಿಸುತ್ತಿರಲಿಲ್ಲ. ಹೊಸ ಸೆಟ್ಟೇ ಕೆಟ್ಟದ್ದೆಂದು ಮರಳಿಸಲು ಹೊರಟಿದ್ದವನಿಗೆ ಕಾರಣ ತಿಳಿದದ್ದು ಎರಡೂ ಕೈಪಿಡಿಗಳನ್ನು ಪಕ್ಕದಲ್ಲಿಟ್ಟು ಓದಿದ ಮೇಲೆ. ಕೋಡ್ ಎಂಬುದು ಮಾತಿನ ಜೊತೆಗೆ ಹೋಗುವ, ಕಿವಿಗೆ ಬೀಳದ ಒಂದು ತಗ್ಗು ಸ್ವರ. ಹಳೆಯ ಸೆಟ್ಟಿನ 38 ಸ್ವರಗಳ ಪಟ್ಟಿಯಲ್ಲಿ ಎಂಟನೆಯದು 88.5 ಹರ್ಟ್ಸ್, ಹೊಸದರ 50 ಸ್ವರಗಳ ಪಟ್ಟಿಯಲ್ಲಿ ಎರಡನೆಯದಾಗಿ 69.3 ಸೇರಿಕೊಂಡಿದ್ದರಿಂದ ಮುಂದಿನದೆಲ್ಲ ಒಂದೊಂದು ಸ್ಥಾನ ಸರಿದು, ಎಂಟನೆಯದು 85.4 ಆಗಿತ್ತು. ಹೊಸದರಲ್ಲಿ 9 ಇಟ್ಟ ಕೂಡಲೇ ಮಾತು ಕೇಳಿಸಿತು. ಈ ಕೋಡ್‌ಗಳನ್ನು ಗೌಪ್ಯತೆಯ ಕೋಡ್ ಎಂದು ಕರೆಯುವುದೂ ದಾರಿತಪ್ಪಿಸುವ ಮಾತು. ಅದು ನಮ್ಮ ಕಿವಿಗೆ ಬೇರೆಯವರ ಮಾತು ಬೀಳದಂತೆ ತಡೆಯುತ್ತದೆಯೇ ಹೊರತು, ಬೇರೆಯವರ ಕಿವಿಗೆ ನಮ್ಮ ಮಾತು ಬೀಳದಂತೆ ತಡೆಯುವುದಿಲ್ಲ.

ಗುಡ್ಡದಾಚೆಯ ಮನೆಗೆ ಈ ಸೆಟ್ ಮುಟ್ಟುವುದಿಲ್ಲ. ಅದಕ್ಕಾಗಿಯೇ ಹ್ಯಾಮ್ ಪರೀಕ್ಷೆ. ಕುಟುಂಬದಲ್ಲಿ ಒಬ್ಬರಿಗೆ ಪರವಾನಗಿ ಇದ್ದರೆ ಸಾಲದು, ಮಾತಾಡುವ ಇಬ್ಬರಿಗೂ ಬೇಕು. ಹಾಗಾಗಿ ಅತ್ತಿಗೆಯೂ ನಾನೂ ಒಟ್ಟಿಗೆ ಓದಿದೆವು. ಹನ್ನೆರಡು ವರ್ಷ ದಾಟಿದ ಯಾರು ಬೇಕಾದರೂ ಬರೆಯಬಹುದಾದ್ದರಿಂದ ಆಮೇಲೆ ಮಗಳೂ ಸೇರಿಕೊಂಡಳು. ಕೆಳಗಿನ ದರ್ಜೆಗೆ ಮೋರ್ಸ್ ಎಂಬ ಚುಕ್ಕೆ-ಗೆರೆಯ ಸಂಕೇತ ಬೇಕಿಲ್ಲ. ರೇಡಿಯೊ ತತ್ವ ಮತ್ತು ನಿಯಮಗಳು, ಎರಡೇ ಭಾಗ. ಹೈಸ್ಕೂಲು ವಿಜ್ಞಾನ ನೆನಪಿದ್ದವರಿಗೆ ಕಷ್ಟವಲ್ಲ. ಪರೀಕ್ಷೆ ಮುಗಿದು, ಅರ್ಜಿ ಸಲ್ಲಿಸಿ, ವಿಯು3 ಎಂದು ಶುರುವಾಗುವ ಕರೆಸಂಕೇತ ಕೈಗೆ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದಿತ್ತು, ಆದ್ದರಿಂದ ಮಳೆಗಾಲಕ್ಕೆಂದು ಮೇ ತಿಂಗಳಲ್ಲಿ ಯೋಚಿಸುವವರಿಗೆ ಇದು ದಾರಿಯಲ್ಲ. ಹ್ಯಾಮ್ ಆವರ್ತನದಲ್ಲಿ ವ್ಯವಹಾರದ ಮಾತಿಗೆ ಅವಕಾಶವಿಲ್ಲವೆಂಬುದೂ ನೆನಪಿರಲಿ: ಆಳುಗಳ ಲೆಕ್ಕ, ಲಾರಿ, ಕಾಫಿ ದರ, ಇವೆಲ್ಲ ಚಿಕ್ಕ ಸೆಟ್ಟಿನಲ್ಲೇ.

ಯುವಿ-5ಆರ್ ಅಗ್ಗದ ಸೆಟ್. 128 ಚಾನೆಲ್, 7.4 ವೋಲ್ಟ್ 1800 ಮಿಲಿಆಂಪ್-ಗಂಟೆಯ ಬ್ಯಾಟರಿ, ಎಫ್‌ಎಂ, ತುದಿಯಲ್ಲೊಂದು ಟಾರ್ಚ್. ಇದರಲ್ಲಿ ನೂರಿಪ್ಪತ್ತು ಚಾನೆಲ್ ತುಂಬಿಸುವುದು ಎಲ್ಲ ಹೊಸಬರೂ ಮಾಡುವ ತಪ್ಪು, ನಾನೂ ಮಾಡಿದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಗಾಬರಿಯಲ್ಲಿ ಇರುವವರು ಗುಂಡಿ ಒತ್ತುತ್ತ ಎಲ್ಲೋ ಕಳೆದುಹೋಗುತ್ತಾರೆ. ಈಗ ನಮ್ಮ ಸೆಟ್ಟಿನಲ್ಲಿರುವುದು ಏಳು. ಒಂದನೆಯದು 145.500 ಮೆಗಾಹರ್ಟ್ಸ್, ಎರಡು ಮತ್ತು ಮೂರು 144ರಿಂದ 146ರೊಳಗಿನ ನಮ್ಮದೇ ಬದಲಿ ಆವರ್ತನಗಳು, ಉಳಿದ ನಾಲ್ಕು ಚಿಕ್ಕ ಸೆಟ್‌ಗಳ ಚಾನೆಲ್‌ಗಳು, ಕೇಳಲು ಮಾತ್ರ.

ಈ "ಕೇಳಲು ಮಾತ್ರ" ಎಂಬುದನ್ನು ಸೆಟ್ಟಿನ ಕೀಲಿಗಳಿಂದ ಮಾಡಲು ನಾನು ಕಲಿಯಲಿಲ್ಲ. ಚಿರ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಡ್ಯೂಪ್ಲೆಕ್ಸ್ ಎಂಬ ಅಂಕಣಕ್ಕೆ "ಆಫ್" ಎಂದು ಕೊಟ್ಟರೆ ಆ ಚಾನೆಲ್‌ನಲ್ಲಿ ಗುಂಡಿ ಒತ್ತಿದರೂ ಸೆಟ್ ಪ್ರಸಾರ ಮಾಡುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದೊಂದಕ್ಕಾಗಿಯೇ ಕಂಪ್ಯೂಟರಿನಿಂದ ಪ್ರೋಗ್ರಾಂ ಮಾಡಬೇಕು. ಮೊದಲು ಸೆಟ್ಟಿನೊಳಗಿನ ಮಾಹಿತಿಯನ್ನು ಕಂಪ್ಯೂಟರಿಗೆ ಇಳಿಸಿ, ಅದರ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಬೇಕು, ಅನಂತರವೇ ತಿದ್ದುಪಡಿ. ನನ್ನ ಮೊದಲ ಎರಡು ಸಂಜೆಗಳು ಕೇಬಲ್ಲಿಗೇ ಹೋದವು. ಅದರೊಳಗಿನ ನಕಲಿ ಚಿಪ್ಪನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪಲಿಲ್ಲ. ಮಗಳ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಒಪ್ಪಿತು. ಆದರೂ ರೇಡಿಯೊ ಉತ್ತರಿಸುತ್ತಿಲ್ಲವೆಂಬ ಸಂದೇಶವೇ ಬರುತ್ತಿತ್ತು. ಕೊನೆಗೆ ನೋಡಿದರೆ ಎರಡು ಕಾಲಿನ ಪ್ಲಗ್ ಒಂದು ಮಿಲಿಮೀಟರ್‌ನಷ್ಟು ಹೊರಗೆ ನಿಂತಿತ್ತು. ಅಂಚಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಹೆರೆದು ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಎಂದು ಕೂತಿತು, ಕೆಲಸವಾಯಿತು.

ಕಂಪ್ಯೂಟರ್ ಇಲ್ಲದಾಗಲೂ ಒಂದು ಚಾನೆಲ್ಲನ್ನಾದರೂ ಕೈಯಾರೆ ಉಳಿಸಲು ಬರಬೇಕು. ವಿಎಫ್‌ಓ ಗುಂಡಿಯಿಂದ ಆವರ್ತನದ ಸ್ಥಿತಿಗೆ ಬಂದು, ಪರದೆಯ ಮೇಲಿನ ಸಾಲಿನಲ್ಲಿ 145500 ಎಂದು ಆರೂ ಅಂಕಿ ಒತ್ತಿ, ಮೆನು 27ಕ್ಕೆ ಹೋಗಿ ಚಾನೆಲ್ ಸಂಖ್ಯೆ ಆರಿಸಿ ಮತ್ತೆ ಮೆನು ಒತ್ತಿದರೆ ಮುಗಿಯಿತು. ಕೆಳಗಿನ ಸಾಲಿನಲ್ಲಿ ಇದನ್ನು ಮಾಡಿದರೆ ಉಳಿಯುವುದಿಲ್ಲ. ಸ್ವರದ, ಅಂದರೆ ಆಗ ಹೇಳಿದ ಕೋಡ್‌ನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ತುರ್ತು ಬಳಕೆಯ ಚಾನೆಲ್‌ನಲ್ಲಿ ಮೆನು 11ರ ಸ್ವೀಕೃತಿ ಸ್ವರ ಆಫ್ ಆಗಿಯೇ ಇರಬೇಕು. ಯಾರದೋ ಸೆಟ್ಟಿನಲ್ಲಿ ಸ್ವರ ತಪ್ಪಿದ್ದರೆ ಅವರ ಕೂಗು ನಮಗೆ ಕೇಳಿಸದೆ ಹೋಗುವುದು ಅತ್ಯಂತ ಕೆಟ್ಟ ಹೊತ್ತಿನಲ್ಲೇ.

ಆಂಟೆನಾದ ಬಗ್ಗೆ ಒಂದೇ ಮಾತು. ಸೆಟ್ಟಿನೊಂದಿಗೆ ಬಂದ ಗಿಡ್ಡ ಆಂಟೆನಾದಿಂದ ಅಣ್ಣನ ಮನೆಗೆ ಬರೀ ಗೊರಗೊರ ಸದ್ದು ಹೋಗುತ್ತಿತ್ತು. ಆಂಟೆನಾದ ಬುಡದ ಲೋಹದ ಬಳೆಗೆ 49 ಸೆಂಟಿಮೀಟರ್ ಉದ್ದದ, ಅಂದರೆ ಸುಮಾರು ಕಾಲು ತರಂಗದ ವಯರು ಸಿಕ್ಕಿಸಿ ಕೆಳಗೆ ಇಳಿಬಿಟ್ಟ ಮೇಲೆ ಮಾತು ತಿಳಿಯುವಂತಾಯಿತು. ಹಿತ್ತಲಿನ ದಿಣ್ಣೆ ಹತ್ತಿ ನಿಂತರೆ ಸ್ವಚ್ಛ. ಒಂದು ಮಾರು ವಯರಿನ ಬೆಲೆ ಎಷ್ಟೆಂದು ಅಂಗಡಿಯವನು ಲೆಕ್ಕ ಹಾಕಲೂ ಇಲ್ಲ, ಹಾಗೇ ಕೊಟ್ಟ.

ಈ ಆರು ವರ್ಷಗಳಲ್ಲಿ ನಮಗೆ ಹೆಚ್ಚು ತೊಂದರೆ ಕೊಟ್ಟದ್ದು ಯಂತ್ರವಲ್ಲ, ಕನ್ನಡದ ಕ್ರಿಯಾಪದ. ನಮ್ಮ ಭಾಷೆಯಲ್ಲಿ ನಿಷೇಧ ಬರುವುದು ವಾಕ್ಯದ ಕೊನೆಯಲ್ಲಿ, ಮಾತು ಮುಗಿಯುವ ಮೊದಲೇ ಗುಂಡಿ ಬಿಡುವ ಅಭ್ಯಾಸ ಎಲ್ಲರಿಗೂ. ಒಂದು ಮುಂಜಾನೆ ಗದ್ದೆಯ ಬಳಿ ಆನೆಗಳಿವೆಯೆಂದು ನೋಡಿದ ನನ್ನ ಹೆಂಡತಿ "ಗೇಟು ತೆಗೆಯಬೇಡ" ಎಂದಳು. ಕೆಳಗಿದ್ದ ರೈಟರ್‌ಗೆ (ತೋಟದ ಗುಮಾಸ್ತರಿಗೆ) ಕೇಳಿಸಿದ್ದು "ಗೇಟು ತೆಗೆಯಬೇ" ಎಂಬಷ್ಟೇ, ಅವರು ಅದನ್ನು "ಬೇಕು" ಎಂದು ಪೂರ್ತಿ ಮಾಡಿಕೊಂಡು ಚಿಲಕಕ್ಕೆ ಕೈ ಹಾಕಿದ್ದರು. ಒಣಗಿದ ಕೊಂಬೆ ಮುರಿದ ಸದ್ದು ಅವರನ್ನು ಉಳಿಸಿತು. ಅಂದಿನಿಂದ ನಮ್ಮ ಮನೆಯ ರೇಡಿಯೊ ಭಾಷೆಯ ವ್ಯಾಕರಣವೇ ಬೇರೆ: "ಬೇಡ, ಬೇಡ, ಗೇಟಿನ ಹತ್ತಿರ ಹೋಗುವುದು ಬೇಡ", "ಇಲ್ಲ, ಲಾರಿ ಬಂದಿಲ್ಲ". ಗುಂಡಿ ಒತ್ತಿದ ಮೇಲೆ ಒಂದು ಎಣಿಸಿ ಮಾತು ಶುರುಮಾಡುವುದು, ಮುಗಿದ ಮೇಲೂ ಒಂದು ಎಣಿಸಿ ಬಿಡುವುದು, ಕೇಳಿದವರು ಅದನ್ನೇ ಮರಳಿ ಹೇಳುವುದು. ಅಪರಿಚಿತರಿಗೆ ನಗು ಬರುತ್ತದೆ, ಬರಲಿ.

2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಜಾರಿ ರೈಲು ನಿಂತ ದಿನಗಳಲ್ಲಿ ನಮ್ಮಲ್ಲೂ ಕರೆಂಟು, ಫೋನು ಎರಡೂ ಹೋದವು. ಬ್ಯಾಟರಿ ಉಳಿಸಲೆಂದು ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಏಳಕ್ಕೆ ಹತ್ತು ಹತ್ತು ನಿಮಿಷ ಮಾತ್ರ ಸೆಟ್ ಹಾಕುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಮೂರನೆಯ ಸಂಜೆ ಅತ್ತಿಗೆ ಕರೆಸಂಕೇತ ಹೇಳಿ, ಅಮ್ಮನ ಇನ್ಸುಲಿನ್ ಇನ್ನೆರಡು ದಿನಕ್ಕಷ್ಟೇ ಇದೆಯೆಂದು ತಿಳಿಸಿದರು. ಮದ್ದಿನ ಹೆಸರನ್ನು ಅವರು ಅಕ್ಷರ ಬಿಡಿಸಿ ಹೇಳಿದ್ದನ್ನು ನಾನು ಬರೆದುಕೊಂಡು ಮರಳಿ ಓದಿದೆ. ಮರುದಿನ ಪೇಟೆಯಿಂದ ತಂದು, ಸುತ್ತುಬಳಸಿನ ಹಾದಿಯಲ್ಲಿ ಜೀಪಿನಲ್ಲಿ ತಲುಪಿಸಿದೆ. ಇಡೀ ಸಂಭಾಷಣೆಗೆ ಎರಡು ನಿಮಿಷವೂ ಆಗಿರಲಿಲ್ಲ.

ಕೊಳ್ಳುವವರಿಗೆ: ಒಂದೇ ತೋಟದ ಅಥವಾ ಒಂದೇ ಊರಿನೊಳಗಿನ ಮಾತಿಗೆ 446ರ ಸೆಟ್ ಸಾಕು, ಅದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಯುವಿ-5ಆರ್ ಕಲಿಯುವ ತಾಳ್ಮೆಯೂ ಪರವಾನಗಿಯೂ ಇರುವವರಿಗೆ. ಅದು ಮಳೆ ತಡೆಯುವ ಸೆಟ್ ಅಲ್ಲ, ಆದ್ದರಿಂದ ನಮ್ಮವು ಹಾಲಿನ ಪ್ಲಾಸ್ಟಿಕ್ ಚೀಲದೊಳಗೇ ಇರುತ್ತವೆ. ಪಕ್ಕದ ಕಿತ್ತಳೆ ಬಣ್ಣದ ಗುಂಡಿಯನ್ನು ಒತ್ತಿ ಹಿಡಿದರೆ ಸೈರನ್ ಕೂಗುತ್ತದೆಂದು ಮನೆಯವರಿಗೆಲ್ಲ ಮೊದಲೇ ತೋರಿಸಿಬಿಡುವುದು ಒಳ್ಳೆಯದು. ಎರಡು ಬ್ಯಾಟರಿಗಳು ಈ ವರ್ಷ ಸೊರಗಿವೆ. ಹೊಸದಕ್ಕೆ ಬದಲಾಗಿ ಬ್ಯಾಟರಿಯ ಜಾಗದಲ್ಲಿ ಕೂತು, ಜೀಪಿನ 12 ವೋಲ್ಟಿಗೆ ಸಿಕ್ಕಿಸುವ ಎಲಿಮಿನೇಟರ್ ತರಿಸಿದ್ದೇನೆ, ಆರಿದ್ರಾ ಮಳೆ ಹಿಡಿಯುವ ಮೊದಲು ಅದನ್ನು ಅಣ್ಣನ ಮನೆಗೆ ಮುಟ್ಟಿಸಬೇಕು.